ಮೆಂತ್ಯದ ಜೊತೆ ಅರೆದ ಕಾಗದಗಳು

ನಮ್ಮ ಮುತ್ತಜ್ಜ ಮಲೆಯಾಳ ಸೀಮೆಯವನು. ಕಣ್ಣೂರಿನ ಆಚೆಯ ಯಾವುದೋ ಹಳ್ಳಿಯಿಂದ, ಮರ ಕೊಯ್ಯುವವರ ತಂಡವೊಂದರ ಜೊತೆ, ಹೆಗಲ ಮೇಲೆ ಗರಗಸ ಹೊತ್ತು ಘಟ್ಟ ಹತ್ತಿ ಬಂದವನು. ಕೆಲಸ ಮುಗಿದ ಮೇಲೆ ತಂಡದವರೆಲ್ಲ ಇಳಿದು ಹೋದರು. ಈ ಪುಣ್ಯಾತ್ಮ ಮೇಗರವಳ್ಳಿಯಲ್ಲೇ ಉಳಿದ. ಇಲ್ಲಿಯ ಹುಡುಗಿಯನ್ನು ಮದುವೆಯಾದ, ಒಡೆಯರೊಬ್ಬರ ಗದ್ದೆಯನ್ನು ಗೇಣಿಗೆ ಹಿಡಿದ, ಕನ್ನಡ ಕಲಿತ. ಆ ಗದ್ದೆ ಈಗ ನಮ್ಮದೇ ಆಗಿದೆ. ಆದರೆ ನಮ್ಮ ಮನೆಯಲ್ಲಿ ಒಬ್ಬರಿಗೂ ಮಲಯಾಳಂನ ಒಂದಕ್ಷರ ಬರುವುದಿಲ್ಲ.

ಅವನು ಬಿಟ್ಟುಹೋದದ್ದು ಹಲಸಿನ ಮರದ ಒಂದು ಸಣ್ಣ ಪೆಟ್ಟಿಗೆ, ಅದರ ತುಂಬ ಮಲಯಾಳಂ ಕಾಗದಗಳು. ಅವನ್ನು ಯಾರಿಂದಲೂ ಓದಿಸಲಿಲ್ಲ. ಮುತ್ತಜ್ಜಿ ಬದುಕಿರುವವರೆಗೂ ಬಿಡಲಿಲ್ಲವಂತೆ. "ಊರಲ್ಲಿ ಇನ್ನೊಂದು ಸಂಸಾರ ಇದೆ ಅಂತ ಬರ್ದಿದ್ರೆ ನಾನೆಂತ ಮಾಡ್ಲಿ? ಗಂಡ ಸತ್ತ ಮೇಲೆ ಸವತಿ ಬೇಕಾ ನಂಗೆ?" ಅನ್ನುತ್ತಿದ್ದಳಂತೆ. ಅವಳು ಹೋದ ಮೇಲೆ ಓದಿಸಬಹುದಿತ್ತು. ಅಷ್ಟು ಹೊತ್ತಿಗೆ ಓದಿಸದೇ ಇರುವುದೇ ನಮಗೆ ಅಭ್ಯಾಸವಾಗಿತ್ತು. ಹಿರಿಯರ ಹಬ್ಬದ ದಿನ ಎಡೆ ಇಡುವಾಗ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಎಲೆಯ ಮುಂದೆ ಇಡುವುದು, ಕುಂಕುಮ ಹಚ್ಚುವುದು, ಎಲ್ಲರೂ ಅಡ್ಡಬೀಳುವುದು, ಮತ್ತೆ ಅಟ್ಟಕ್ಕೆ ಏರಿಸುವುದು. ಮುತ್ತಜ್ಜನದೊಂದು ಫೋಟೋ ಕೂಡ ಇಲ್ಲದ ಮನೆಯಲ್ಲಿ ಆ ಪೆಟ್ಟಿಗೆಯೇ ಮುತ್ತಜ್ಜ.

ಹೊಸನಗರದಲ್ಲಿ ತಾಲ್ಲೂಕು ಆಫೀಸಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬೆಳಗಾದರೆ ಜನ ಕಾಗದ ಹಿಡಿದುಕೊಂಡು ಬರುತ್ತಾರೆ. ಕೈ ಒರೆಸಿಕೊಂಡು, ಪ್ಲಾಸ್ಟಿಕ್ ಕವರಿನಿಂದ ನಿಧಾನವಾಗಿ ಹೊರತೆಗೆದು, "ಅಕ್ಕಾ, ಹುಷಾರು, ಇದೊಂದೇ ಇರೋದು" ಎನ್ನುತ್ತಾರೆ. ನಾನು ಸಿಡುಕಿ, "ನಿನ್ನ ಕಾಗದ ಮೆಷಿನ್ ತಿನ್ನೋದಿಲ್ಲ ಕೊಡೋ ಮಾರಾಯ" ಅನ್ನುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೆಲ್ಲ ಗೊತ್ತು. ಆದರೂ ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆ ಒಂದು ಹಾಳೆ ಹೋದರೆ ತಾನು ಈ ಭೂಮಿ ಮೇಲೆ ಇದ್ದೆ ಎನ್ನುವುದಕ್ಕೆ ಬೇರೆ ಆಧಾರವಿಲ್ಲ ಎಂದು ಅವರು ನಂಬಿದ್ದಾರೆ, ನಂಬಿದ್ದು ತಪ್ಪೂ ಅಲ್ಲ.

ಹೋದ ವರ್ಷ ನವರಾತ್ರಿಯ ಹೊತ್ತಿಗೆ ಅಣ್ಣ ಫೋನ್ ಮಾಡಿದ. ಅಣ್ಣ ಹೈಸ್ಕೂಲು ಮೇಷ್ಟ್ರಾಗಿ ರಿಟೈರಾದವನು, ತೀರ್ಥಹಳ್ಳಿಯಲ್ಲಿದ್ದಾನೆ. ಕಲಿಸಿದ್ದು ಚರಿತ್ರೆ. ಈಗ ಪಾಠ ಕೇಳುವವರಿಲ್ಲದೆ ಫೇಸ್‌ಬುಕ್ಕಿನಲ್ಲಿ ಬರೆಯುತ್ತಾನೆ. ಮುತ್ತಜ್ಜನ ಬಗ್ಗೆ, ಓದಲಾಗದ ಕಾಗದಗಳ ಬಗ್ಗೆ, ಪೆಟ್ಟಿಗೆಯ ಫೋಟೋ ಹಾಕಿ ಒಂದು ದೊಡ್ಡ ಪುರಾಣ ಬರೆದಿದ್ದ. ಅದನ್ನು ಯಾರ್ಯಾರೋ ಹಂಚಿಕೊಂಡು, ಕೊನೆಗೆ ಕಾಸರಗೋಡಿನ ಒಬ್ಬ ಹೆಂಗಸಿನ ಕಣ್ಣಿಗೆ ಬಿದ್ದಿತ್ತು.

"ಮುತ್ತಜ್ಜನ ತಂಗಿ ಮೊಮ್ಮಗಳಂತೆ ಕಣೆ!" ಅಣ್ಣನ ಧ್ವನಿ ಹುಡುಗನ ಹಾಗೆ ಏರಿತ್ತು. "ಶಾಲೇಲಿ ಕ್ಲರ್ಕ್ ಆಗಿದ್ರಂತೆ. ಊರ ಹೆಸರು, ಗರಗಸದ ಕೆಲಸ, ಎಲ್ಲಾ ತಾಳೆ ಆಯ್ತು. ಅವರ ಅಮ್ಮ ಇನ್ನೂ ಇದ್ದಾರೆ, ಹಾಸಿಗೆ ಹಿಡಿದಿದ್ದಾರೆ. ಆ ಅಮ್ಮ ಸಣ್ಣ ಹುಡುಗಿ ಇರೋವಾಗ ಮುತ್ತಜ್ಜನ ತಂಗಿ ಹೇಳ್ತಾ ಹೋಗೋದು, ಇವರು ಬರಿಯೋದು. ವರ್ಷ ವರ್ಷ ಮಾವಂಗೆ ಕಾಗದ ಹಾಕ್ತಿದ್ರಂತೆ. ಒಂದಕ್ಕೂ ಉತ್ತರ ಇಲ್ಲ."

"ಅಯ್ಯೋ," ಅಂದೆ.

"ಮಾವನ ಕೈಗೆ ಮುಟ್ಟಿತ್ತೋ ಇಲ್ವೋ ಅಂತ ಆ ಅಮ್ಮ ಈಗ್ಲೂ ಕೇಳ್ತಾರಂತೆ. ಅದೊಂದು ಗೊತ್ತಾದ್ರೆ ಸಾಕಂತೆ. ನಮ್ಮ ಪೆಟ್ಟಿಗೇಲಿ ಇರೋದು ಅವೇ ಆಗಿದ್ರೆ? ಭಾನುವಾರ ಮಗಳು ಬರ್ತಾರೆ. ನೀನು ಮೊದ್ಲೇ ಮನೆಗೆ ಹೋಗಿ, ಪೆಟ್ಟಿಗೆ ಬಿಚ್ಚಿ, ಧೂಳು ಒರೆಸಿ ಜೋಡ್ಸಿಡು."

"ನಿಂಗೆ ಹತ್ರ ಆಗ್ತದಲ್ಲ, ನೀನೇ ಹೋಗು."

"ಕಾಗದದ ಅಂಗಡಿ ಇಟ್ಕಂಡೋಳು ನೀನು," ಎಂದು ಫೋನ್ ಇಟ್ಟ. ಕೆಲಸ ಹಂಚುವುದರಲ್ಲಿ ಅವನು ಇನ್ನೂ ಮೇಷ್ಟ್ರೇ.

ಶನಿವಾರ ಅಂಗಡಿಗೆ ಬಾಗಿಲು ಹಾಕಿ ಬಸ್ಸು ಹತ್ತಿದೆ. ಮೇಗರವಳ್ಳಿಯ ಮನೆಯಲ್ಲಿ ಅವ್ವ ತಮ್ಮನ ಸಂಸಾರದ ಜೊತೆ ಇದ್ದಾಳೆ. ತಮ್ಮ ಆಟೋ ತೆಗೆದುಕೊಂಡು ಹೋಗಿದ್ದ, ಅವನ ಹೆಂಡತಿ ಅಂಗನವಾಡಿಗೆ. ಅವ್ವ ಹಿತ್ತಿಲ ಕಡೆ ಒರಳಿನ ಮುಂದೆ ಕೂತು ಏನೋ ಅರೆಯುತ್ತಿದ್ದಳು. ಮೆಂತ್ಯದ ಕಹಿ ವಾಸನೆ ಅಂಗಳದವರೆಗೂ ಬಂದಿತ್ತು.

ಭೂಮಿ ಹುಣ್ಣಿಮೆ ಹತ್ತಿರ ಬಂದರೆ ಅವ್ವನದು ಇದೇ ಕೆಲಸ. ಅವಳ ತವರು ತುಮರಿಯ ಕಡೆ. ಬುಟ್ಟಿಗೆ ಚಿತ್ತಾರ ಬರೆಯುವುದನ್ನು ಅಲ್ಲಿಂದ ಕಲಿತು ಬಂದವಳು. ಹಳೆ ಕಾಗದ ನೆನೆಸಿ, ಮೆಂತ್ಯ ಸೇರಿಸಿ ನುಣ್ಣಗೆ ಅರೆದು, ಬಿದಿರಿನ ಬುಟ್ಟಿಗೆ ಬಳಿದು ಒಣಗಿಸುತ್ತಾಳೆ. ಅದರ ಮೇಲೆ ಕೆಮ್ಮಣ್ಣು, ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಹುಣ್ಣಿಮೆಯ ದಿನ ಬೆಳಗಿನ ಜಾವ ಆ ಬುಟ್ಟಿಯಲ್ಲಿ ಅಡುಗೆ ತುಂಬಿಕೊಂಡು ಹೋಗಿ, ಬಸುರಿಗೆ ಬಯಕೆ ಉಣಿಸುವ ಹಾಗೆ ಗದ್ದೆಗೆ ಉಣಿಸಿ ಬರುತ್ತೇವೆ. ಬುಟ್ಟಿ ಅದೇ, ಪ್ರತಿ ವರ್ಷ ಹಳೆಯ ಬಳಿತದ ಮೇಲೆ ಹೊಸದು ಕೂರುತ್ತದೆ.

"ಅವ್ವಾ, ಅಜ್ಜನ ಪೆಟ್ಟಿಗೆ ಬೇಕು. ನಾಳೆ ಅಜ್ಜನ ಊರಿಂದ ನೆಂಟ್ರು ಬರ್ತಾರೆ, ಕಾಗದ ನೋಡಾಕೆ," ಅಂದೆ.

ಅವ್ವನ ಕೈ ನಿಂತಿತು. "ನಾಳೆ ಬ್ಯಾಡ ಅನ್ನು."

"ಎಂತಕ್ಕೆ?"

"ಸೂತಕ."

"ಯಾರು ಸತ್ರು?"

"ಯಾರಾದ್ರೂ ಸತ್ತಿರ್ತಾರೆ," ಎಂದು ಒರಳುಗುಂಡು ತಿರುಗಿಸತೊಡಗಿದಳು.

ಎಂಬತ್ತು ದಾಟಿದ ಅವ್ವ ಸುಳ್ಳು ಹೇಳುವುದನ್ನು ಇನ್ನೂ ಕಲಿತಿಲ್ಲ. ನಾನು ಏಣಿ ಹತ್ತಿ ಪೆಟ್ಟಿಗೆ ಇಳಿಸಿದೆ. ಕಟ್ಟಿದ್ದ ಹುರಿ ಬಿಚ್ಚಿ ಮುಚ್ಚಳ ತೆಗೆದರೆ ಒಳಗಿದ್ದದ್ದು ಹಳೆಯ ದಿನಪತ್ರಿಕೆಗಳು. ಒಂದರ ಮೇಲೊಂದು, ಅಚ್ಚುಕಟ್ಟಾಗಿ, ಪೆಟ್ಟಿಗೆ ಎತ್ತಿದರೆ ಭಾರ ಇರುವಷ್ಟು. ಮೇಲಿನ ಹಾಳೆಯಲ್ಲಿ ಸೋಪಿನ ಜಾಹೀರಾತು. ತಳದವರೆಗೂ ತೆಗೆದು ನೋಡಿದೆ. ಮಲಯಾಳಂನ ಒಂದು ಚೂರೂ ಇರಲಿಲ್ಲ.

ಹಿತ್ತಿಲಿಗೆ ಹೋಗಿ ನಿಂತೆ. ಅವ್ವ ತಲೆ ಎತ್ತಲಿಲ್ಲ.

"ಒರಲೆ ಹತ್ತಿತ್ತು ಕಣೆ," ಅಂದಳು. ಒರಲೆ ಎಂದರೆ ಗೆದ್ದಲು. "ನೀನು ಮದ್ವೆ ಆಗಿ ಹೋದ ಮ್ಯಾಲೆ, ಒಂದು ಮಳೆಗಾಲ ಕಳ್ದು ನೋಡ್ತೀನಿ, ಪೆಟ್ಟಿಗೆ ಮೂಲೆ ತೂತು, ಅರ್ಧ ಕಾಗದ ಜಾಲರಿ. ಇನ್ನೊಂದು ವಾರ ಬಿಟ್ರೆ ಉಳ್ದಿದ್ದೂ ಇಲ್ಲ."

"ಅದಕ್ಕೆ?"

"ಅಕ್ಷರ ಇರೋ ಕಾಗದ ಒಲೆಗೆ ಹಾಕಾಕೆ ಆಗ್ತದಾ? ತಿಪ್ಪೆಗೆ ಎಸ್ಯಾಕೆ ಆಗ್ತದಾ? ಹಿರೇರ್ದು ಬೇರೆ." ಅವ್ವ ಬೆರಳಿಗೆ ಅಂಟಿದ್ದ ಹಿಟ್ಟನ್ನು ಒರಳಿನ ಅಂಚಿಗೆ ಒರೆಸಿದಳು. "ಅರೆದು, ಆ ವರ್ಷ ತಂದಿದ್ದ ಹೊಸಾ ಭೂಮ್ತಾಯಿ ಬುಟ್ಟಿಗೆ ಹಚ್ಚಿದೆ. ಅಜ್ಜ ಗೆಯ್ದ ಗದ್ದೆ ಅಲ್ವಾ. ವರ್ಷಕ್ಕೊಂದ್ಸಲ ಅಲ್ಲಿಗೆ ಹೋಗಿ ಬರ್ತಾರೆ ಅನ್ನಿಸ್ತು."

ನಾನು ಕೂಗಾಡಿದೆ. ಏನು ಕೂಗಾಡಿದೆ ಎಂದು ಈಗ ನೆನಪಿಲ್ಲ, ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನೋಡಿದ್ದು ನೆನಪಿದೆ. ಕೂಗಾಡುತ್ತ ಇರುವಾಗಲೇ, ಇಷ್ಟು ವರ್ಷ ನಾವೆಲ್ಲ ಸ್ನಾನ ಮಾಡಿ, ಮಡಿ ಉಟ್ಟು, ಸೋಪಿನ ಜಾಹೀರಾತಿಗೆ ಎಡೆ ಇಟ್ಟು ಅಡ್ಡಬಿದ್ದೆವಲ್ಲ ಎಂದು ಹೊಳೆದು ನಗು ಒತ್ತರಿಸಿ ಬಂತು. ಅಣ್ಣ ಅಂತೂ ಉದ್ದಂಡ ನಮಸ್ಕಾರ ಹಾಕುತ್ತಾನೆ. ನನ್ನ ನಗು ನೋಡಿ ಅವ್ವನಿಗೂ ನಗು ಬಂತು, ಆಮೇಲೆ ಅಳು ಬಂತು.

"ಅಣ್ಣಂಗೆ ನೀನು ಹೇಳ್ಬ್ಯಾಡ. ನಾನೇ ಹೇಳ್ತೀನಿ. ಬಂದೋರ ಎದ್ರಿಗೇ ಹೇಳ್ತೀನಿ," ಅಂದಳು.

ಆ ದಿನವೆಲ್ಲ ನನಗೆ ಸಮಾಧಾನವಿರಲಿಲ್ಲ. ಅವ್ವನ ಮೇಲಿನ ಸಿಟ್ಟು ಬೇಗ ಇಳಿಯಿತು, ಉಳಿದದ್ದು ಬೇರೆ ಸಂಕಟ. ಮುತ್ತಜ್ಜನ ಹೆಸರು ಯಾವ ಆಫೀಸಿನಲ್ಲಿ ಇದ್ದೀತು? ಗೇಣಿ ಒಕ್ಕಲಿನ ಹೆಸರನ್ನು ಯಾರು ಬರೆದಿಟ್ಟರು? ಅವನನ್ನು ಯಾರೋ ಒಬ್ಬರು ಹೆಸರು ಹಿಡಿದು ಕರೆದದ್ದಕ್ಕೆ ಗುರುತಾಗಿ ಇದ್ದದ್ದು ಆ ಕಾಗದಗಳು ಮಾತ್ರ. ಆ ಕಾಗದಗಳನ್ನು ಬರೆದ ಕೈ ಇನ್ನೂ ಬದುಕಿದೆ, ಹಾಸಿಗೆಯಲ್ಲಿ ಮಲಗಿ ಒಂದೇ ಒಂದು ಮಾತಿಗೆ ಕಾಯುತ್ತಿದೆ. ನಾಳೆ ಆ ಮಗಳ ಮುಂದೆ ನಾವು ಯಾವ ಮುಖ ಇಟ್ಟುಕೊಂಡು ಕೂರುವುದು ಎಂದು ನನಗೆ ನಿಜವಾಗಿ ನಾಚಿಕೆಯಾಯಿತು.

ಭಾನುವಾರ ಅಣ್ಣ ಅವರನ್ನು ತೀರ್ಥಹಳ್ಳಿಯಿಂದ ಕರೆತಂದ. ನನ್ನದೇ ವಯಸ್ಸಿನವರು. ಕಾಟನ್ ಸೀರೆ, ಕೈಯಲ್ಲಿ ಬಾಳೆಕಾಯಿ ಚಿಪ್ಸಿನ ಪೊಟ್ಟಣ. ಅಂಗಳ ದಾಟಿ ಬಂದವರು ಅವ್ವನ ಕಾಲು ಮುಟ್ಟಿದರು. ಕಾಸರಗೋಡಿನ ಶಾಲೆಯಲ್ಲಿ ಕಲಿತ ಅವರ ಕನ್ನಡ ಕರಾವಳಿಯ ಕಡೆಯದು.

"ನನ್ನ ಅಮ್ಮ ಬರ್ಲಿಕ್ಕೆ ಹಟ ಮಾಡಿದ್ರು," ಅಂದರು. "ಎದ್ದು ಕೂರ್ಲಿಕ್ಕೆ ಆಗುವುದಿಲ್ಲ, ಆದ್ರೂ ಹಟ. ನಮ್ಮ ಅಜ್ಜಿ ಸಾಯುವವರೆಗೂ ಹೇಳ್ತಿದ್ರಂತೆ, ಆ ಕಾಡಿಗೆ ಟಪ್ಪಾಲು ಹೋಗುವುದಿಲ್ಲ, ಹೋಗಿದ್ರೆ ನನ್ನ ಅಣ್ಣ ಬರದೇ ಇರ್ತಿದ್ನಾ ಅಂತ. ಪ್ರತಿ ಕಾಗದದ ಕೊನೆಗೆ ಓಣಕ್ಕೆ ಬಾ ಅಂತ ಬರೆಸ್ತಿದ್ರು. ಅಮ್ಮನಿಗೂ ಅದೇ ನಂಬಿಕೆ. ಟಪ್ಪಾಲು ಮುಟ್ಟಲಿಲ್ಲ ಅಂತ."

ಅಣ್ಣ ಪೆಟ್ಟಿಗೆಯನ್ನು ದೇವರ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದ. ನಾನು ಗೋಡೆ ನೋಡಿದೆ.

"ಅದ್ರಲ್ಲಿಲ್ಲ," ಅಂದಳು ಅವ್ವ. ಒಳಗೆ ಹೋಗಿ ಬುಟ್ಟಿ ತಂದು ಅವರ ಮುಂದೆ ಇಟ್ಟಳು. ಹೊಸದಾಗಿ ಬಳಿದ ಪದರ ಇನ್ನೂ ಪೂರ್ತಿ ಒಣಗಿರಲಿಲ್ಲ. "ಇದ್ರಲ್ಲಿದೆ. ಎಲ್ಲಕ್ಕಿಂತ ಒಳಗಿನ ಪದರ." ಒರಲೆ ಹತ್ತಿದ್ದು, ತಾನು ಅರೆದದ್ದು, ಬಳಿದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಅಣ್ಣ ಪೆಟ್ಟಿಗೆ ತೆರೆದು ಪತ್ರಿಕೆಗಳನ್ನು ನೋಡಿದ, ಬುಟ್ಟಿ ನೋಡಿದ. "ಅವ್ವಾ, ನಿಂಗೆ ತಲೆ ಇದ್ಯಾ? ಚರಿತ್ರೆ ಅವ್ವಾ ಅದು! ಮೆಂತ್ಯ ಹಾಕಿ ರುಬ್ಬಿದ್ಯಾ?" ನನ್ನ ಕಡೆ ತಿರುಗಿ, "ನೀನಾದ್ರೂ ಒಂದು ಜೆರಾಕ್ಸ್ ತೆಗ್ದಿಡಬಾರ್ದಿತ್ತಾ?" ಅಂದ.

"ಊರಿಗೆಲ್ಲ ಚರಿತ್ರೆ ಹೇಳಿದ ನೀನು ಪೆಟ್ಟಿಗೆ ಮುಚ್ಚಳ ತೆಗ್ದು ನೋಡ್ಬಾರ್ದಿತ್ತಾ?" ಅಂದೆ. ನೆಂಟರ ಎದುರು ಜಗಳಾಡಿದ್ದಕ್ಕೆ ಅವ್ವ ಇಬ್ಬರನ್ನೂ ಗದರಿದಳು.

ಬಂದವರು ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಬುಟ್ಟಿಯ ಅಂಚಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. "ಅಮ್ಮಾ, ಅರೆಯುವ ಮೊದಲು ನೀವು ಆ ಕಾಗದ ನೋಡಿದ್ರಲ್ಲ. ಹೇಗಿತ್ತು?" ಎಂದು ಕೇಳಿದರು.

"ನಂಗೆ ಓದಾಕೆ ಬರಾದಿಲ್ಲ ಮಗಾ."

"ಓದುವುದು ಬೇಡ. ನೋಡ್ಲಿಕ್ಕೆ ಹೇಗಿತ್ತು?"

ಅವ್ವ ಯೋಚನೆ ಮಾಡಿದಳು. "ಎಲ್ಲಾ ಒಂದೇ ಕೈ. ತಳದಲ್ಲಿದ್ದಿದ್ರಲ್ಲಿ ಅಕ್ಷರ ದೊಡ್ಡ ದೊಡ್ಡದು, ಗೆರೆ ಮ್ಯಾಲೆ ಕೆಳಗೆ. ಮ್ಯಾಲೆ ಮ್ಯಾಲೆ ಬರ್ತಾ ಸಣ್ಣಕ್ಕೆ, ಚಂದಕ್ಕೆ."

"ಅದು ನನ್ನ ಅಮ್ಮ," ಅಂದರು ಅವರು. "ಬೆಳೀತಾ ಬೆಳೀತಾ ಬರೆದದ್ದು."

ಅವ್ವನಿಗೆ ಹುರುಪು ಬಂತು. ತಾನು ಹಾಳು ಮಾಡಿದ್ದನ್ನು ಹೇಗಾದರೂ ತುಂಬಿಕೊಡಬೇಕು ಅನ್ನಿಸಿರಬೇಕು. "ನಾನು ಈ ಮನೆಗೆ ಬಂದಾಗ ಅಜ್ಜ ಇದ್ರಲ್ಲ! ಹಬ್ಬದ ದಿನ ಉಂಡು ಜಗಲೀಲಿ ಕೂತು ಎಲ್ಲಾ ಬಿಚ್ಚಿ ಬಿಚ್ಚಿ ಓದೋರು. ಮಡಿಕೆ ಹರ್ದು ಹೋದ್ರೆ, ಹುಡುಗೀ ಒಂಚೂರು ಗಂಜಿ ತಾ ಅನ್ನೋರು. ನಾನೇ ತಂದು ಕೊಡ್ತಿದ್ದೆ. ಗಂಜಿ ಹಚ್ಚಿ, ಅಂಟಿಸಿ, ಬಿಸ್ಲಿಗೆ ಇಟ್ಟು ಕಾಯ್ತಾ ಕೂರೋರು. ಯಾರ್ದು ಅಜ್ಜ ಇದು ಅಂತ ಒಂದ್ಸಲ ಕೇಳ್ದೆ. ತಂಗಿದು ಅಂದ್ರು. ಅಜ್ಜಿಗೆ ಹೇಳಿದ್ರೆ ನಂಬ್ಲೇ ಇಲ್ಲ. ಎಲ್ಲಾ ಮುಟ್ಟಿತ್ತು ಮಗಾ. ಒಂದೂ ಬಿಡ್ದೆ ಓದಿದ್ರು."

ನಾನೂ ಅಣ್ಣನೂ ಈ ಮಾತನ್ನು ಮೊದಲ ಸಲ ಕೇಳುತ್ತಿದ್ದೆವು. ಮುತ್ತಜ್ಜಿ ಹೆದರಿದ್ದ ಸವತಿ ಇರಲೇ ಇಲ್ಲ ಎಂದು ನನಗೆ ಒಂದು ಕ್ಷಣ ಖುಷಿಯಾಯಿತು. ಅಷ್ಟರಲ್ಲಿ ನೆಂಟರ ಮುಖ ನೋಡಿದೆ. ಅದು ಬಿಳಿಚಿಕೊಂಡಿತ್ತು.

"ಹಾಗಾದ್ರೆ ಓದಿದ್ರು," ಅಂದರು. "ಓದಿಯೂ ಬರಲಿಲ್ಲ."

ತಾನು ಕೊಟ್ಟದ್ದು ಏನು ಎಂದು ಅವ್ವನಿಗೆ ಆಗ ಗೊತ್ತಾಯಿತು.

"ಯಾಕೆ ಬರಲಿಲ್ಲ?"

"ಈ ಸಲ ಕೊಯ್ಲಾಗ್ಲಿ, ಈ ಸಲ ನೆಟ್ಟಿ ಆಗ್ಲಿ ಅನ್ನೋರು," ಅವ್ವ ಮೆಲ್ಲಗೆ ಹೇಳಿದಳು. "ಗೇಣಿ ಗದ್ದೆ ಮಗಾ. ಬಿಟ್ಟು ಹೋದ್ರೆ ಬರೋದ್ರೊಳಗೆ ಇನ್ನೊಬ್ರ ನೇಗ್ಲು ಹೂಡಿರ್ತಿತ್ತು. ಹೋಗಾಕೆ ಆಗ್ದೇ ಇರೋನು ಉತ್ರ ಎಂತ ಬರೀತಾನೆ?"

ಅವರು ತಲೆಯಾಡಿಸಿದರು. ಅರ್ಥವಾಗಿರಬೇಕು, ಆದರೆ ಅರ್ಥವಾದದ್ದರಿಂದ ಸಮಾಧಾನವೇನೂ ಆಗಿರಲಿಲ್ಲ. "ಅಮ್ಮ ಫೋನಿನ ಹತ್ತಿರವೇ ಕಾಯ್ತಾ ಇದ್ದಾರೆ. ಅವರಿಗೆ ಏನು ಹೇಳ್ಲಿ ನಾನು? ಈ ವಯಸ್ಸಿನಲ್ಲಿ?"

"ಪೆಟ್ಟಿಗೇಲಿ ಪೇಪರ್ ಬಿಟ್ರೆ ಎಂತದೂ ಇರ್ಲಿಲ್ಲ ಅಂತ ಹೇಳು," ಅಂದಳು ಅವ್ವ. "ಟಪಾಲು ಮುಟ್ಲಿಲ್ಲ ಅಂದ್ಕಂಡೇ ಇದ್ದಾರಲ್ಲ, ಹಾಗೇ ಇರ್ಲಿ. ಪಾಪ ಬಂದ್ರೆ ನಂಗೆ ಬರ್ಲಿ. ಅರೆದೋಳು ನಾನು."

ಅಣ್ಣ ಬಾಯಿ ತೆಗೆದ. ಚರಿತ್ರೆ, ಸತ್ಯ ಎಂದೇನೋ ಶುರು ಮಾಡುವವನಿದ್ದ. ನಾನು ಕಣ್ಣು ಬಿಟ್ಟೆ. ಪೆಟ್ಟಿಗೆಯ ಮುಚ್ಚಳ ಹಾಕಿದ.

ನಮ್ಮ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಅಂಗಳದ ತುದಿಯಲ್ಲಿ, ಕಲ್ಲಿನ ಮೇಲೆ ನಿಂತರೆ ಸಿಗುತ್ತದೆ. ಅವರು ಅಲ್ಲಿ ನಿಂತು ಫೋನ್ ಮಾಡಿದರು. ಅವರ ಮಾತಿನಲ್ಲಿ ನಮಗೆ ತಿಳಿದದ್ದು ಒಂದೇ ಶಬ್ದ. ಇಲ್ಲ ಎನ್ನುವುದಕ್ಕೆ ಅವರೂ ಇಲ್ಲ ಅಂತಲೇ ಅನ್ನುತ್ತಾರೆ. "ಇಲ್ಲ, ಅಮ್ಮೇ, ಇಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಆಮೇಲೆ ಆ ಕಡೆಯ ಮಾತು ಕೇಳುತ್ತ ಬಹಳ ಹೊತ್ತು ನಿಂತರು.

ಹಿಂತಿರುಗಿ ಬಂದಾಗ ಅವ್ವ ಕೇಳಿದಳು, "ಎಂತ ಅಂದ್ರು?"

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "'ಅಯ್ಯೋ, ನಾವು ಯಾರೂ ಅವನನ್ನು ನೆನೆಸಿಕೊಳ್ಳಲಿಲ್ಲ ಅಂತ ತಿಳಿದುಕೊಂಡೇ ಸತ್ತನಾ ಮಾವ?' ಅಂತ ಕೇಳಿದ್ರು. ಅಳ್ತಾ ಇದ್ದಾರೆ."

ಅವ್ವ ಗೋಡೆ ಹಿಡಿದು ಎದ್ದಳು. ಮೊಣಕಾಲು ನೋವಿನವಳು, ನಾನು ಕೈ ಕೊಡಲು ಹೋದರೆ ತಳ್ಳಿದಳು. "ಮತ್ತೆ ಮಾಡು ಫೋನು," ಅಂದಳು. "ಈಗ್ಲೇ ಮಾಡು. ಸುಳ್ಳು ಹೇಳ್ಸಿದ್ದು ನಾನು ಅಂತ ಹೇಳು. ಎಲ್ಲಾ ಮುಟ್ಟಿತ್ತು, ಎಲ್ಲಾ ಓದಿದ್ರು ಅನ್ನು. ಗಂಜಿ ಹಚ್ಚಿ ಅಂಟಿಸ್ಕಂಡು ಓದಿದ್ರು ಅನ್ನು. ಬರ್ಲಿಲ್ಲ ಅಂತಾನೂ ಹೇಳು. ಸಿಟ್ಟು ಬಂದ್ರೆ ಬೈಯ್ಲಿ, ಬೈಸ್ಕಳ್ಳಾಕೆ ನಾವಿಲ್ವಾ?"

ಅವರ ಜೊತೆಗೇ ಅಂಗಳದ ತುದಿಯವರೆಗೂ ನಡೆದಳು. ನಾವೂ ಹಿಂದೆ ಹೋದೆವು. ಈ ಸಲ ಅವರು ಸ್ಪೀಕರ್ ಹಾಕಿದರು. ಮಲಯಾಳಂನಲ್ಲಿ ನಿಧಾನವಾಗಿ, ಒಂದೊಂದೇ ಮಾತು ಹೇಳಿದರು. ಆ ಕಡೆಯಿಂದ ಉಸಿರಾಟ ಮಾತ್ರ ಕೇಳಿಸುತ್ತಿತ್ತು. ಆಮೇಲೆ ತೀರ ಸಣ್ಣ, ನಡುಗುವ ಧ್ವನಿಯಲ್ಲಿ ಒಂದು ಪ್ರಶ್ನೆ ಬಂತು.

ಮಗಳು ಅವ್ವನ ಕಡೆ ತಿರುಗಿ ಹೇಳಿದರು, "ಇದು ನಿಮಗೇ ಗೊತ್ತಿರುವುದು. ಅಮ್ಮ ಕೇಳ್ತಾ ಇದ್ದಾರೆ, ಆಗ ನಾನು ಸಣ್ಣವಳು, ನನ್ನ ಅಕ್ಷರ ಮಾವನಿಗೆ ಓದ್ಲಿಕ್ಕೆ ಬರ್ತಿತ್ತಾ ಅಂತ."

ಅವ್ವ ಫೋನನ್ನು ಅವರ ಕೈಯಿಂದ ತೆಗೆದುಕೊಂಡು ಬಾಯಿಯ ಹತ್ತಿರ ಹಿಡಿದು, ಕನ್ನಡ ಬಾರದ ಆ ಮುದುಕಿಗೆ ಕನ್ನಡದಲ್ಲೇ ಹೇಳಿದಳು: "ಬರ್ತಿತ್ತು ತಾಯೀ. ಓದ್ತಾ ನಗೋರು."